ಮೂಲೆಯಿಂದ ಮಾಯವಾದ ಬಟನ್: ವಿಂಡೋಸ್ 8 ಮತ್ತು ಅದರ ಬಳಕೆದಾರರು

2012ರ ಮಾರ್ಚ್‌ನಲ್ಲಿ ಕ್ರಿಸ್ ಪಿರಿಲ್ಲೊ ಎಂಬ ಅಮೆರಿಕದ ತಂತ್ರಜ್ಞಾನ ವಿಮರ್ಶಕರು ಒಂದು ಸಣ್ಣ ವಿಡಿಯೊ ಮಾಡಿದರು. ಮೈಕ್ರೋಸಾಫ್ಟ್ ಕಂಪನಿಯ ವಿಂಡೋಸ್ 8ರ ಪರೀಕ್ಷಾ ಆವೃತ್ತಿ ಹಾಕಿದ್ದ ಕಂಪ್ಯೂಟರ್ ಮುಂದೆ ತಮ್ಮ ತಂದೆಯನ್ನು ಕೂರಿಸಿ, ಬಳಸಿ ನೋಡಿ ಎಂದರು. ಹೇಗೆ ಏನು ಅಂತ ಹೇಳಿಕೊಡಲಿಲ್ಲ. ಬಣ್ಣಬಣ್ಣದ ಚೌಕಗಳಿದ್ದ ಸ್ಟಾರ್ಟ್ ಪರದೆಯಿಂದ ತಂದೆ ಡೆಸ್ಕ್‌ಟಾಪ್‌ಗೆ ಹೋದರು. ಅಲ್ಲಿಗೆ ಸಿಕ್ಕಿಹಾಕಿಕೊಂಡರು. ವಾಪಸ್ ಬರುವ ದಾರಿ ಅವರಿಗೆ ಸಿಗಲೇ ಇಲ್ಲ. ಪರದೆಯ ತುಂಬ ಹುಡುಕಿದರು, ಕೊನೆಗೆ ಮಗನನ್ನೇ ಕೇಳಿದರು. ಲಕ್ಷಾಂತರ ಜನ ಆ ವಿಡಿಯೊ ನೋಡಿದರು.

ವಿಂಡೋಸ್ 8ರ ಬಗ್ಗೆ ಮುಂದೆ ಬಂದ ದೂರುಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಹೆಚ್ಚಿನವು ಆ ತಂದೆಯ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತವೆ. ವಾಪಸ್ ಹೋಗುವುದು ಹೇಗೆ? ಈ ಪ್ರಕರಣದಲ್ಲಿ ನಾನು ನೋಡಹೊರಟಿರುವುದು ಆ ಪ್ರಶ್ನೆ ಎಲ್ಲಿಂದ ಹುಟ್ಟಿತು, ಅದನ್ನು ಕಂಪನಿ ಹೇಗೆ ಕೇಳಿಸಿಕೊಂಡಿತು, ಕೇಳಿಸಿಕೊಳ್ಳಲು ಎಷ್ಟು ಹೊತ್ತು ತೆಗೆದುಕೊಂಡಿತು ಎಂಬುದನ್ನು.

ಬಟನ್ ಬಂದ ಕತೆ

ವಿಂಡೋಸ್ 95 ಬಿಡುಗಡೆಯಾದದ್ದು 1995ರ ಆಗಸ್ಟ್ 24ರಂದು. ಅದನ್ನು ಕಟ್ಟುವಾಗ ಮೈಕ್ರೋಸಾಫ್ಟ್ ತಂಡ ಹೊಸಬರನ್ನು ಕೂರಿಸಿ, ಅವರು ಎಲ್ಲಿ ತಡವರಿಸುತ್ತಾರೆ ಅಂತ ನೋಡಿತ್ತು. ಹಳೆಯ ವಿಂಡೋಸ್‌ನಲ್ಲಿ ಹೊಸಬರಿಗೆ ಒಂದು ಪ್ರೋಗ್ರಾಂ ತೆರೆಯುವುದೇ ಕಷ್ಟವಾಗುತ್ತಿತ್ತು. ಒಂದು ವಿಂಡೋ ಇನ್ನೊಂದರ ಹಿಂದೆ ಮರೆಯಾದರೆ, ಅದು ಕಳೆದೇ ಹೋಯಿತು ಅಂದುಕೊಳ್ಳುತ್ತಿದ್ದರು. ಮೊದಲಿಗೆ ಪರದೆಯ ಕೆಳಗೆ ಬೇರೆಬೇರೆ ಕೆಲಸಕ್ಕೆ ಬೇರೆಬೇರೆ ಬಟನ್ ಇಟ್ಟು ನೋಡಿದರು. ಸರಿಹೋಗಲಿಲ್ಲ. ಕೊನೆಗೆ ಎಲ್ಲವನ್ನೂ ಒಂದೇ ಬಟನ್‌ಗೆ ಸೇರಿಸಿ, ಅದರ ಮೇಲೆ 'ಸ್ಟಾರ್ಟ್' ಎಂದು ಬರೆದರು. ಎಲ್ಲಿಂದ ಶುರು ಮಾಡಲಿ ಎಂದು ಕೇಳುವವರಿಗೆ ಉತ್ತರ ಪರದೆಯ ಮೇಲೇ ಇತ್ತು. ಮರೆಯಾದ ವಿಂಡೋಗಳಿಗಾಗಿ, ತೆರೆದಿರುವುದನ್ನೆಲ್ಲ ಪರದೆಯ ಕೆಳಗೆ ಸಾಲಾಗಿ ತೋರಿಸುವ ಟಾಸ್ಕ್‌ಬಾರ್ ಬಂತು.

ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಆ ಬಟನ್ ಯಾರೋ ಚಂದಕ್ಕೆ ಅಂತ ಇಟ್ಟದ್ದಲ್ಲ. ತಡಕಾಡುವ ಜನರನ್ನು ಪಕ್ಕದಲ್ಲಿ ಕೂತು ನೋಡಿ, ಅವರಿಗಾಗಿ ಇಟ್ಟದ್ದು. ಮುಂದೆ 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದಕ್ಕೆ ಹಸಿರು ಬಣ್ಣ ಬಂತು, 2007ರ ವಿಸ್ಟಾದಲ್ಲಿ 'ಸ್ಟಾರ್ಟ್' ಪದ ಹೋಗಿ ದುಂಡಗಿನ ಲೋಗೊ ಬಂತು. ಜಾಗ ಮಾತ್ರ ಬದಲಾಗಲಿಲ್ಲ. 17 ವರ್ಷ ಅದೇ ಎಡ ಮೂಲೆ. ಅಷ್ಟು ವರ್ಷದಲ್ಲಿ ದಾರಿ ತಲೆಯಿಂದ ಕೈಗೆ ಇಳಿದಿರುತ್ತದೆ. ಯೋಚನೆ ಮಾಡುವ ಮೊದಲೇ ಮೌಸ್ ಅಲ್ಲಿಗೆ ಹೋಗಿರುತ್ತದೆ.

ತೆಗೆದದ್ದು ಯಾಕೆ

2010ರಲ್ಲಿ ಆಪಲ್‌ನ ಐಪ್ಯಾಡ್ ಮಾರುಕಟ್ಟೆಗೆ ಬಂತು. ಕೀಬೋರ್ಡ್, ಮೌಸ್ ಎರಡೂ ಇಲ್ಲದ ಯಂತ್ರವನ್ನು ಜನ ಮುಗಿಬಿದ್ದು ಕೊಂಡರು. ಮೈಕ್ರೋಸಾಫ್ಟ್‌ಗೆ ಅದೇ ವರ್ಷ ಬಂದ ತನ್ನ ವಿಂಡೋಸ್ ಫೋನ್ 7ರ ಚೌಕಗಳ ವಿನ್ಯಾಸ ಕೈಯಲ್ಲಿತ್ತು. ಅದನ್ನೇ ದೊಡ್ಡದು ಮಾಡಿ, ಟ್ಯಾಬ್ಲೆಟ್‌ಗೂ ಪಿಸಿಗೂ ಒಂದೇ ವಿಂಡೋಸ್ ಮಾಡೋಣ ಎಂದು ಹೊರಟರು. ವಿಂಡೋಸ್ ವಿಭಾಗದ ಮುಖ್ಯಸ್ಥರಾಗಿದ್ದವರು ಸ್ಟೀವನ್ ಸಿನೋಫ್‌ಸ್ಕಿ. ಗುರಿ ತಪ್ಪು ಅಂತ ನಾನು ಹೇಳುವುದಿಲ್ಲ. ಆ ಹೊತ್ತಿನಲ್ಲಿ ಸುಮ್ನೆ ಕೂತಿದ್ದರೆ ಅದೂ ದೊಡ್ಡ ತಪ್ಪೇ ಆಗುತ್ತಿತ್ತು.

ಆ ಬಟನ್ ಒತ್ತಿದರೆ ತೆರೆಯುತ್ತಿದ್ದ ಸ್ಟಾರ್ಟ್ ಮೆನುವನ್ನು ತೆಗೆಯಲು ತಂಡದ ಬಳಿ ಅಂಕಿಗಳಿದ್ದವು. ಒಪ್ಪಿಗೆ ಕೊಟ್ಟ ಬಳಕೆದಾರರ ಯಂತ್ರಗಳಿಂದ ಮೈಕ್ರೋಸಾಫ್ಟ್ ಮಾಹಿತಿ ಸಂಗ್ರಹಿಸುತ್ತಿತ್ತು. ಅದರ ಪ್ರಕಾರ ವಿಸ್ಟಾದಿಂದ ವಿಂಡೋಸ್ 7ಕ್ಕೆ ಬರುವಷ್ಟರಲ್ಲಿ ಸ್ಟಾರ್ಟ್ ಮೆನು ಬಳಕೆ ಶೇ 11ರಷ್ಟು ಇಳಿದಿತ್ತು. ಕಾರಣ ಸರಳ. ವಿಂಡೋಸ್ 7ರಲ್ಲಿ ದಿನಾ ಬಳಸುವ ಪ್ರೋಗ್ರಾಂಗಳನ್ನು ಟಾಸ್ಕ್‌ಬಾರ್‌ಗೇ ಪಿನ್ ಮಾಡಿ, ಅಂದರೆ ಅಲ್ಲೇ ಕಾಯಂ ಆಗಿ ಇಟ್ಟುಕೊಳ್ಳಬಹುದಿತ್ತು. ಜನ ಮಾಡಿಕೊಂಡರು. ಮೆನುವಿನ ಕೆಲಸ ಕಡಿಮೆಯಾಯಿತು. 2011ರ ಅಕ್ಟೋಬರ್‌ನಲ್ಲಿ ತಂಡ ಇದನ್ನೆಲ್ಲ ಉದ್ದಕ್ಕೆ ವಿವರಿಸಿತು. ಮೌಸ್ ಎಷ್ಟು ದೂರ ಹೋಗಬೇಕು, ಗುರಿ ಎಷ್ಟು ದೊಡ್ಡದಿದೆ ಎಂಬುದರಿಂದ ತಲುಪುವ ಸಮಯ ಲೆಕ್ಕ ಹಾಕುವ ಫಿಟ್ಸ್ ನಿಯಮವಿದೆಯಲ್ಲ, ಅದನ್ನು ಬಳಸಿ ನಕ್ಷೆಗಳನ್ನೂ ತೋರಿಸಿತು. ಇಡೀ ಪರದೆ ತುಂಬುವ ಚೌಕಗಳು ಮೂಲೆಯ ಸಣ್ಣ ಮೆನುವಿಗಿಂತ ಬೇಗ ಸಿಗುತ್ತವೆ ಎಂಬುದು ಅವರ ವಾದ.

ಅಂಕಿ ಸರಿ ಇತ್ತು. ಅದನ್ನು ಓದಿದ ರೀತಿ ಸರಿ ಇರಲಿಲ್ಲ. ಮೆಟ್ಟಿಲ ಪಕ್ಕದ ಕಂಬಿಯನ್ನು ನಾವು ದಿನಕ್ಕೆ ಎಷ್ಟು ಸಲ ಹಿಡಿಯುತ್ತೇವೆ? ಬಹಳ ಕಡಿಮೆ. ಹಾಗಂತ ಕಂಬಿ ಕಿತ್ತು ಹಾಕಿದರೆ ಇಳಿಯುವಾಗ ಕಾಲು ನಡುಗುತ್ತದೆ, ಅಲ್ವಾ? ಸ್ಟಾರ್ಟ್ ಮೆನು ಹಾಗೇ ಆಗಿತ್ತು. ದಿನದ ಕೆಲಸಕ್ಕೆ ಪಿನ್ ಮಾಡಿದ ಐಕಾನ್ ಸಾಕು. ತಿಂಗಳಿಗೊಮ್ಮೆ ಬೇಕಾಗುವ ಪ್ರೋಗ್ರಾಂ, ಕಂಟ್ರೋಲ್ ಪ್ಯಾನೆಲ್, ಯಂತ್ರ ಆಫ್ ಮಾಡುವುದು, ಏನು ಮಾಡಬೇಕೆಂದು ತೋಚದೆ ನಿಂತ ಗಳಿಗೆ, ಇವಕ್ಕೆಲ್ಲ ಆ ಮೂಲೆ ಬೇಕಿತ್ತು. ಎಷ್ಟು ಸಲ ಒತ್ತಿದರು ಎಂಬುದನ್ನು ಯಂತ್ರ ಎಣಿಸಬಲ್ಲದು. ಒತ್ತದಿದ್ದಾಗಲೂ ಅದು ಅಲ್ಲೇ ಇದೆ ಎಂಬ ಧೈರ್ಯವನ್ನು ಯಾವ ಎಣಿಕೆ ಹಿಡಿಯುತ್ತದೆ?

ಏನೇನು ಬದಲಾಯಿತು

ಪರೀಕ್ಷಾ ಆವೃತ್ತಿಗಳ ಕಾಲದಲ್ಲೇ ಒಂದು ಸಣ್ಣ ಘಟನೆ ನಡೆಯಿತು. 2011ರ ಸೆಪ್ಟೆಂಬರ್‌ನಲ್ಲಿ ಡೆವಲಪರ್‌ಗಳಿಗೆ ಮೊದಲ ಆವೃತ್ತಿ ಸಿಕ್ಕಿತು. ವಿಂಡೋಸ್‌ನ ಒಳ ಸೆಟ್ಟಿಂಗ್‌ಗಳಿರುವ ರಿಜಿಸ್ಟ್ರಿಯಲ್ಲಿ ಒಂದು ಮೌಲ್ಯ ಬದಲಿಸಿದರೆ ಹಳೆಯ ಸ್ಟಾರ್ಟ್ ಮೆನು ವಾಪಸ್ ಬರುತ್ತದೆ ಎಂದು ಜನ ಕಂಡುಹಿಡಿದರು. 2012ರ ಫೆಬ್ರವರಿ 29ರಂದು ಸಾರ್ವಜನಿಕರಿಗೆ ಬಂದ ಕನ್ಸ್ಯೂಮರ್ ಪ್ರಿವ್ಯೂನಲ್ಲಿ ಆ ದಾರಿ ಮುಚ್ಚಿತ್ತು. ಅದರ ಜೊತೆ ಮೂಲೆಯ ಬಟನ್ ಕೂಡ ಹೋಗಿತ್ತು. ಒಂದೇ ದಿನದಲ್ಲಿ ಆ ಆವೃತ್ತಿಯನ್ನು 10 ಲಕ್ಷ ಸಲ ಡೌನ್‌ಲೋಡ್ ಮಾಡಲಾಯಿತು. ಹೊಸದರ ಮೇಲೆ ಕುತೂಹಲವಂತೂ ತುಂಬಾ ಇತ್ತು. ಆದರೆ ಕಿಟಕಿ ತೆರೆದಿದ್ದನ್ನು ನೋಡಿದವರಿಗೆ ಅದನ್ನು ಮೊಳೆ ಹೊಡೆದು ಮುಚ್ಚಿದ್ದು ಜಾಸ್ತಿ ನೋವು ಕೊಟ್ಟಿತು. ಬೇಕೆಂದೇ ಮಾಡಿದ್ದಾರೆ ಎಂಬ ಭಾವನೆ ಅಲ್ಲಿಂದ ಬೆಳೆಯಿತು.

2012ರ ಅಕ್ಟೋಬರ್ 26ರಂದು ವಿಂಡೋಸ್ 8 ಎಲ್ಲರಿಗೂ ಬಂತು. ಯಂತ್ರ ಶುರುವಾದರೆ ನೇರ ಸ್ಟಾರ್ಟ್ ಪರದೆ. ಡೆಸ್ಕ್‌ಟಾಪ್ ಕೂಡ ಅಲ್ಲಿ ಒಂದು ಚೌಕ ಮಾತ್ರ. ವಾಪಸ್ ಬರಲು ಮೌಸನ್ನು ಎಡ ಕೆಳಮೂಲೆಗೆ ಒಯ್ದರೆ ಸಣ್ಣ ಚಿತ್ರವೊಂದು ಇಣುಕುತ್ತಿತ್ತು. ಎಡ ಮೇಲ್ಮೂಲೆಯಲ್ಲಿ ತೆರೆದಿರುವ ಆ್ಯಪ್‌ಗಳು. ಬಲಗಡೆಯ ಎರಡು ಮೂಲೆಗಳಲ್ಲಿ 'ಚಾರ್ಮ್ಸ್' ಎಂಬ ಪಟ್ಟಿ: ಹುಡುಕಾಟ, ಹಂಚಿಕೆ, ಸ್ಟಾರ್ಟ್, ಸಾಧನಗಳು, ಸೆಟ್ಟಿಂಗ್ಸ್. ಯಂತ್ರ ಆಫ್ ಮಾಡಬೇಕಾದರೆ ಬಲ ಮೂಲೆಗೆ ಹೋಗಿ, ಸೆಟ್ಟಿಂಗ್ಸ್ ಒತ್ತಿ, ಪವರ್ ಒತ್ತಿ, ಆಮೇಲೆ ಶಟ್‌ಡೌನ್.

ನಾಲ್ಕು ಮೂಲೆಯಲ್ಲೂ ಏನೋ ಇದೆ, ಯಾವ ಮೂಲೆಯಲ್ಲೂ ಏನೂ ಕಾಣುವುದಿಲ್ಲ. ತೊಂದರೆಯ ಬೇರು ಇದೇ ಎಂದು ನಾನು ನಂಬುತ್ತೇನೆ. ಮೂಲೆಗೆ ಮೌಸ್ ತಳ್ಳುವುದು ಸುಲಭ ಎಂಬುದು ನಿಜ. ಪರದೆಯ ಅಂಚು ಅದನ್ನು ತಡೆದು ನಿಲ್ಲಿಸುತ್ತದೆ. ಆದರೆ ಸುಲಭವಾಗಿ ತಲುಪುವುದು ಬೇರೆ, ತಲುಪಬೇಕೆಂದು ಗೊತ್ತಾಗುವುದು ಬೇರೆ. ಕಣ್ಣಿಗೆ ಕಾಣದ ಬಾಗಿಲನ್ನು ಯಾರು ತಟ್ಟುತ್ತಾರೆ? ಮೊದಲ ಸಲ ಯಂತ್ರ ಸಿದ್ಧವಾಗುವಾಗ, ಮೌಸನ್ನು ಯಾವುದಾದರೂ ಮೂಲೆಗೆ ಒಯ್ಯಿರಿ ಎಂಬ ಚಿಕ್ಕ ಅನಿಮೇಷನ್ ಬರುತ್ತಿತ್ತು. ಮನೆಯಲ್ಲಿ ಒಬ್ಬರು ಅದನ್ನು ನೋಡಿರುತ್ತಾರೆ, ಮರುದಿನ ಅದೇ ಯಂತ್ರದ ಮುಂದೆ ಕೂರುವವರು ನೋಡಿರುವುದಿಲ್ಲ.

ಎರಡು ಪರದೆ ಇಟ್ಟುಕೊಂಡವರ ಪಾಡು ಬೇರೆ. ಎರಡೂ ಪರದೆ ಸೇರುವ ಅಂಚಿನಲ್ಲಿ ಮೌಸ್ ಮೂಲೆಯಲ್ಲಿ ನಿಲ್ಲದೆ ಪಕ್ಕದ ಪರದೆಗೆ ಜಾರುತ್ತಿತ್ತು. ದೂರದ ಯಂತ್ರವನ್ನು ಒಂದು ವಿಂಡೋದೊಳಗೆ ತೆರೆದು ಕೆಲಸ ಮಾಡುವ ಸಿಸ್ಟಂ ಅಡ್ಮಿನ್‌ಗಳಿಗೂ ಇದೇ ಗೋಳು. ಆ ವಿಂಡೋದ ಮೂಲೆ ಗೋಡೆಯಂತೆ ತಡೆಯುವುದಿಲ್ಲ, ಕೂದಲೆಳೆಯಷ್ಟು ಜಾಗಕ್ಕೆ ಗುರಿ ಇಡಬೇಕು. ಜೊತೆಗೆ ಬಂದ ವಿಂಡೋಸ್ ಸರ್ವರ್ 2012ರಲ್ಲೂ ಅದೇ ಚೌಕಗಳು. ಯಾರೂ ಬೆರಳಿಟ್ಟು ಮುಟ್ಟದ ಸರ್ವರ್‌ಗೆ ಬೆರಳಿಗಾಗಿ ಮಾಡಿದ ಪರದೆ!

ಯಾರು ಏನಂದರು

ವಿರೋಧ ಎಲ್ಲ ಕಡೆಯಿಂದ ಒಂದೇ ಥರ ಬರಲಿಲ್ಲ.

ಮನೆಯಲ್ಲಿ ಬಳಸುವವರು ಮುಖ್ಯವಾಗಿ ದಾರಿ ತಪ್ಪಿದರು. ಡೆಸ್ಕ್‌ಟಾಪ್‌ನಲ್ಲಿ ಒಂದು ಫೋಟೊ ಮೇಲೆ ಎರಡು ಸಲ ಒತ್ತಿದರೆ ಇಡೀ ಪರದೆ ತುಂಬಿ ಬೇರೊಂದು ಆ್ಯಪ್ ತೆರೆದುಕೊಳ್ಳುತ್ತಿತ್ತು. ಮೇಲೆ ಮುಚ್ಚುವ ಗುರುತಿಲ್ಲ. ಕೆಳಗೆ ಟಾಸ್ಕ್‌ಬಾರ್ ಇಲ್ಲ. ಮೇಲಿನ ಅಂಚನ್ನು ಹಿಡಿದು ಕೆಳಗಿನ ತನಕ ಎಳೆದರೆ ಆ್ಯಪ್ ಮುಚ್ಚುತ್ತದೆ ಎಂದು ಯಾರಿಗೆ ತಾನೇ ಹೊಳೆಯಬೇಕು? ಸುಮ್ಮನೆ ಫೋಟೊ ನೋಡಲು ಹೋದವರಿಗೆ ತಮ್ಮ ಕಂಪ್ಯೂಟರೇ ಕಳೆದುಹೋದಂತೆ ಆಗುತ್ತಿತ್ತು. ಇಂಟರ್ನೆಟ್ ಎಕ್ಸ್‌ಪ್ಲೋರರ್ ಎರಡು, ಒಂದು ಚೌಕಗಳ ಲೋಕದಲ್ಲಿ, ಇನ್ನೊಂದು ಡೆಸ್ಕ್‌ಟಾಪ್‌ನಲ್ಲಿ. ಸೆಟ್ಟಿಂಗ್ಸ್ ಕೂಡ ಎರಡು ಕಡೆ ಹಂಚಿಹೋಗಿತ್ತು.

ಪಳಗಿದವರ ದೂರು ಬೇರೆ. ಅವರಿಗೆ ಕೀಬೋರ್ಡ್ ಶಾರ್ಟ್‌ಕಟ್ ಗೊತ್ತಿತ್ತು, ವಿಂಡೋಸ್ ಕೀ ಒತ್ತಿದರೆ ಆಯಿತು. ಅವರನ್ನು ಕೆರಳಿಸಿದ್ದು ಕೆಲಸದ ಓಟ ಮುರಿಯುವುದು. ಒಂದು ಪತ್ರ ಬರೆಯುತ್ತ ಕ್ಯಾಲ್ಕುಲೇಟರ್ ತೆರೆಯಲು ಹೊರಟರೆ ಇಡೀ ಪರದೆ ಮುಚ್ಚಿಹೋಗಿ ಚೌಕಗಳು ಬರುತ್ತಿದ್ದವು. ಮುಂದಿದ್ದ ಪತ್ರ ಕಣ್ಣಿನಿಂದ ಮರೆಯಾಗುತ್ತಿತ್ತು. ವಿಂಡೋಸ್ 7ರಲ್ಲಿ ಮೆನು ತೆರೆದು ಟೈಪ್ ಮಾಡಿದರೆ ಪ್ರೋಗ್ರಾಂ, ಸೆಟ್ಟಿಂಗ್, ಫೈಲ್ ಎಲ್ಲ ಒಂದೇ ಪಟ್ಟಿಯಲ್ಲಿ ಸಿಗುತ್ತಿದ್ದವು. ಇಲ್ಲಿ ಮೂರನ್ನೂ ಬೇರೆ ಮಾಡಿದ್ದರು. ಸೆಟ್ಟಿಂಗ್ ಹುಡುಕಿದರೆ ಮೊದಲು ಆ್ಯಪ್‌ಗಳ ಖಾಲಿ ಪಟ್ಟಿ ಬರುತ್ತಿತ್ತು, ಮತ್ತೆ ಪಕ್ಕದಲ್ಲಿ ಒತ್ತಬೇಕಿತ್ತು. ಚಿಕ್ಕ ವಿಷಯ ಅನಿಸಬಹುದು. ದಿನಕ್ಕೆ ಇಪ್ಪತ್ತು ಸಲ ಮಾಡುವವರಿಗೆ ಅದು ಚಿಕ್ಕದಲ್ಲ.

ಬಿಡುಗಡೆಗೂ ಮೊದಲೇ, 2012ರ ಜುಲೈನಲ್ಲಿ, ಕಂಪ್ಯೂಟರ್ ಆಟಗಳ ವಾಲ್ವ್ ಕಂಪನಿಯ ಮುಖ್ಯಸ್ಥ ಗೇಬ್ ನ್ಯೂವೆಲ್ ವಿಂಡೋಸ್ 8 ಪಿಸಿ ಜಗತ್ತಿನ ಎಲ್ಲರಿಗೂ ದುರಂತ ಎಂದಿದ್ದರು. ಅವರ ಸಿಟ್ಟಿಗೆ ಹೊಸ ವಿಂಡೋಸ್ ಸ್ಟೋರ್ ಅವರ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಎದುರಾಳಿ ಆಗುತ್ತಿದ್ದುದೂ ಕಾರಣ ಇರಬಹುದು. ಹಾಗಾಗಿ ಆ ಮಾತಿಗೆ ನಾನು ಜಾಸ್ತಿ ತೂಕ ಕೊಡುವುದಿಲ್ಲ. ಜೇಕಬ್ ನೀಲ್ಸನ್ ಅವರ ವರದಿಗೆ ಕೊಡುತ್ತೇನೆ. ಬಳಕೆಯ ಸುಲಭತೆಯನ್ನು ದಶಕಗಳಿಂದ ಅಧ್ಯಯನ ಮಾಡುತ್ತಿದ್ದ ಅವರು 12 ಜನ ಅನುಭವಿ ಪಿಸಿ ಬಳಕೆದಾರರನ್ನು ಕೂರಿಸಿ ಪರೀಕ್ಷೆ ಮಾಡಿ, 2012ರ ನವೆಂಬರ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಎರಡು ಲೋಕಗಳ ನಡುವೆ ಓಡಾಡುವುದು ನೆನಪಿಗೆ ಭಾರ. ಮುಖ್ಯ ಆಜ್ಞೆಗಳು ಅಡಗಿಕೊಂಡಿವೆ. ದೊಡ್ಡ ಪರದೆಯಲ್ಲಿ ಮಾಹಿತಿ ತೀರಾ ಕಡಿಮೆ ಕಾಣುತ್ತದೆ. ಬದಲಾಗುತ್ತಲೇ ಇರುವ ಲೈವ್ ಚೌಕಗಳಲ್ಲಿ ಯಾವುದು ಯಾವ ಆ್ಯಪ್ ಎಂದೇ ತಿಳಿಯುವುದಿಲ್ಲ. ಹೊಸಬರಿಗೂ ಪಳಗಿದವರಿಗೂ ನಿರಾಸೆ ಎಂದು ಅವರು ತೀರ್ಮಾನಿಸಿದರು.

ಇಷ್ಟಪಟ್ಟವರೂ ಇದ್ದರು. ಟಚ್ ಪರದೆಯ ಯಂತ್ರ ಕೊಂಡವರಿಗೆ ಅಂಚಿನಿಂದ ಬೆರಳು ಎಳೆಯುವುದು ಹಿತವಾಗಿತ್ತು. ಅದೇ ಸನ್ನೆಗಳು ಮೌಸ್ ಹಿಡಿದವರಿಗೆ ಒಗಟಾಗಿದ್ದವು.

ಜನ ಯಾವ ಬದಲಾವಣೆಯನ್ನೂ ಒಪ್ಪುವುದಿಲ್ಲ, ಸ್ವಲ್ಪ ದಿನ ಕೂಗಾಡಿ ಸುಮ್ಮನಾಗುತ್ತಾರೆ ಎಂಬ ಮಾತು ಆಗ ಬಹಳ ಕೇಳಿಬರುತ್ತಿತ್ತು. ಈಗಲೂ ಕೇಳಿಬರುತ್ತದೆ. ಈ ಪ್ರಕರಣದಲ್ಲೇ ಅದಕ್ಕೆ ಉತ್ತರ ಇದೆ. ವಿಂಡೋಸ್ 8, ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವ ಟಾಸ್ಕ್ ಮ್ಯಾನೇಜರನ್ನು ಪೂರ್ತಿ ಬದಲಿಸಿತ್ತು. ಫೈಲ್ ನಕಲು ಮಾಡುವಾಗ ವೇಗದ ಗ್ರಾಫ್ ತೋರಿಸಿ, ನಡುವೆ ನಿಲ್ಲಿಸುವ ಸೌಲಭ್ಯ ಕೊಟ್ಟಿತ್ತು. ಯಂತ್ರ ಬೇಗ ಶುರುವಾಗುತ್ತಿತ್ತು. ಎರಡನೇ ಪರದೆಯಲ್ಲೂ ಟಾಸ್ಕ್‌ಬಾರ್ ಬಂದಿತ್ತು. ಸ್ಟಾರ್ಟ್ ಪರದೆಯನ್ನು ಬೈದವರೇ ಇವುಗಳನ್ನು ಹೊಗಳಿದರು. ಕೈಗೆ ಏನು ಹೊಸದಾಗಿ ಬಂತು, ಕೈಯಿಂದ ಏನು ಜಾರಿತು ಎಂಬುದನ್ನು ಜನ ಚೆನ್ನಾಗಿಯೇ ಬೇರೆ ಮಾಡಿ ನೋಡಿದ್ದರು.

ಇನ್ನು ಮಾತಾಡದೆ ಕೈ ಕೆಲಸ ಮಾಡಿದವರು. ಹಳೆಯ ಥರದ ಸ್ಟಾರ್ಟ್ ಮೆನು ಕೊಡುವ ಕ್ಲಾಸಿಕ್ ಶೆಲ್ ಎಂಬ ಉಚಿತ ತಂತ್ರಾಂಶ 2009ರಿಂದಲೇ ಇತ್ತು. ಈಗ ಅದು ಮನೆಮಾತಾಯಿತು. ಸ್ಟಾರ್‌ಡಾಕ್ ಕಂಪನಿ ಅದೇ ಕೆಲಸದ ಸ್ಟಾರ್ಟ್8 ಎಂಬುದನ್ನು 4.99 ಡಾಲರ್‌ಗೆ ಮಾರಿತು. ತೆಗೆದುಹಾಕಿದ ಒಂದು ಬಟನ್‌ಗಾಗಿ ಜನ ಕೈಯಿಂದ ದುಡ್ಡು ಕೊಟ್ಟರು. ಬೇರೆ ಯಾವ ಸಮೀಕ್ಷೆ ಬೇಕು?

ಕಂಪನಿ ಕೇಳಿಸಿಕೊಂಡದ್ದು

2012ರ ನವೆಂಬರ್ 12ರಂದು, ಬಿಡುಗಡೆಯಾಗಿ ಮೂರು ವಾರವೂ ಆಗಿರಲಿಲ್ಲ, ಸಿನೋಫ್‌ಸ್ಕಿ ಕಂಪನಿ ಬಿಡುತ್ತಿದ್ದಾರೆ ಎಂಬ ಪ್ರಕಟಣೆ ಬಂತು. ಜೂಲಿ ಲಾರ್ಸನ್-ಗ್ರೀನ್ ವಿಂಡೋಸ್ ಎಂಜಿನಿಯರಿಂಗ್ ಹೊಣೆ ಹೊತ್ತರು. 2013ರ ಏಪ್ರಿಲ್‌ನಲ್ಲಿ ಮಾರುಕಟ್ಟೆ ಅಧ್ಯಯನ ಮಾಡುವ ಐಡಿಸಿ ಸಂಸ್ಥೆ ಮೊದಲ ತ್ರೈಮಾಸಿಕದ ಲೆಕ್ಕ ಕೊಟ್ಟಿತು. ಪಿಸಿ ಪೂರೈಕೆ ಹಿಂದಿನ ವರ್ಷಕ್ಕಿಂತ ಶೇ 13.9ರಷ್ಟು ಕುಸಿದು 7.63 ಕೋಟಿಗೆ ಇಳಿದಿತ್ತು. ಟ್ಯಾಬ್ಲೆಟ್‌ಗಳ ಹೊಡೆತ ಇದ್ದೇ ಇತ್ತು. ವಿಂಡೋಸ್ 8 ಮಾರುಕಟ್ಟೆಯನ್ನು ಎತ್ತಲಿಲ್ಲ, ಇನ್ನೂ ನಿಧಾನ ಮಾಡಿತು ಎಂದು ಐಡಿಸಿ ನೇರವಾಗಿಯೇ ಹೇಳಿತು. ಎಲ್ಲ ತಪ್ಪನ್ನೂ ಒಂದು ಬಟನ್ ಮೇಲೆ ಹೊರಿಸುವುದು ನ್ಯಾಯವಲ್ಲ. ಮೇ ತಿಂಗಳಲ್ಲಿ 10 ಕೋಟಿ ಲೈಸೆನ್ಸ್ ಮಾರಾಟವಾಗಿದೆ ಎಂದು ಮೈಕ್ರೋಸಾಫ್ಟ್ ಹೇಳಿತ್ತು. ಅದೂ ಸಣ್ಣ ಸಂಖ್ಯೆ ಅಲ್ಲ. ಹೊಸದನ್ನು ಕಲಿಯಲು ಜನರಿಗೆ ಕಷ್ಟವಾಗುತ್ತಿದೆ ಎಂಬುದನ್ನು ಕಂಪನಿ ಒಪ್ಪಿಕೊಂಡದ್ದೂ ಅದೇ ಹೊತ್ತಿನಲ್ಲಿ.

ದುರಸ್ತಿ ಮೂರು ಕಂತಿನಲ್ಲಿ ಬಂತು. 2013ರ ಅಕ್ಟೋಬರ್ 17ರ ವಿಂಡೋಸ್ 8.1ರಲ್ಲಿ ಮೂಲೆಯ ಬಟನ್ ವಾಪಸ್ ಬಂತು. ಒತ್ತಿದರೆ ಮಾತ್ರ ಮೆನು ಬರಲಿಲ್ಲ, ಅದೇ ಚೌಕಗಳ ಪರದೆ ಬಂತು. ಮೂಗಿಗೆ ತುಪ್ಪ ಸವರಿದ್ದಾರೆ ಎಂದು ಹಲವರು ಬೇಸರಪಟ್ಟರು. ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಆ ಬಟನ್ ಕಣ್ಣಿಗೆ ಕಾಣುತ್ತಿತ್ತು. ಪಿರಿಲ್ಲೊ ಅವರ ತಂದೆಗೆ ಅಷ್ಟೇ ಸಾಕಿತ್ತು. ಪಳಗಿದವರಿಗೂ ಅದರಲ್ಲಿ ಒಂದು ಲಾಭವಿತ್ತು, ಬಲ ಕ್ಲಿಕ್ ಮಾಡಿದರೆ ಶಟ್‌ಡೌನ್ ಕೂಡ ಸಿಗುತ್ತಿತ್ತು. ನೇರವಾಗಿ ಡೆಸ್ಕ್‌ಟಾಪ್‌ಗೇ ಹೋಗುವ ಆಯ್ಕೆ ಬಂತು. ಮೂರು ತುಂಡಾಗಿದ್ದ ಹುಡುಕಾಟ ಮತ್ತೆ ಒಂದಾಯಿತು.

2014ರ ಏಪ್ರಿಲ್ 8ರ ಅಪ್‌ಡೇಟ್ ಇನ್ನೂ ಮುಂದೆ ಹೋಯಿತು. ಸ್ಟಾರ್ಟ್ ಪರದೆಯ ಮೇಲೇ ಪವರ್ ಬಟನ್. ಆ್ಯಪ್‌ಗಳ ಮೇಲ್ಭಾಗದಲ್ಲಿ ಮುಚ್ಚುವ, ಇಳಿಸುವ ಗುರುತು. ಅವುಗಳ ಕೆಳಗೆ ಟಾಸ್ಕ್‌ಬಾರ್. ಪಟ್ಟಿಯನ್ನು ಒಮ್ಮೆ ಮತ್ತೆ ಓದಿ. ಎರಡು ವರ್ಷದ ಹಿಂದೆ ಜನ ಕೂಗಿ ಹೇಳಿದ್ದ ದೂರುಗಳೇ ಒಂದೊಂದಾಗಿ ಇಲ್ಲಿವೆ. ಅವರು ಅಂದು ಸುಮ್ನೆ ಗೊಣಗಿರಲಿಲ್ಲ. ಯಾವ ಕೀಲು ಸಡಿಲ ಎಂದು ಬೆರಳಿಟ್ಟು ತೋರಿಸಿದ್ದರು. ವಿಂಡೋಸ್ ಎಕ್ಸ್‌ಪಿಗೆ ಬೆಂಬಲ ನಿಂತದ್ದೂ ಅದೇ ದಿನ. 2001ರ ಆ ಹಳೆಯ ವ್ಯವಸ್ಥೆಯನ್ನು ಇನ್ನೂ ಬಿಡದಿದ್ದ ಅಸಂಖ್ಯ ಜನರಿದ್ದರು.

2015ರ ಜುಲೈ 29ರಂದು ವಿಂಡೋಸ್ 10 ಬಂತು. ನಡುವಿನ 9 ಎಂಬ ಸಂಖ್ಯೆಯನ್ನೇ ಬಿಟ್ಟಿದ್ದರು. ಸ್ಟಾರ್ಟ್ ಮೆನು ಪೂರ್ತಿ ವಾಪಸ್ ಬಂತು. ಎಡಗಡೆ ಹಳೆಯ ಪಟ್ಟಿ, ಬಲಗಡೆ ಚೌಕಗಳು. ಚಾರ್ಮ್ಸ್ ಹೋಯಿತು. ಹೊಸ ಆ್ಯಪ್‌ಗಳು ಡೆಸ್ಕ್‌ಟಾಪ್‌ನಲ್ಲೇ ಸಾಮಾನ್ಯ ವಿಂಡೋಗಳಾಗಿ ತೆರೆದವು. ಟ್ಯಾಬ್ಲೆಟ್‌ಗೆ ಬೇರೆಯೇ ಮೋಡ್ ಕೊಟ್ಟರು. ಬಿಡುಗಡೆಗೆ ಹತ್ತು ತಿಂಗಳ ಮುಂಚೆಯೇ ಇನ್ಸೈಡರ್ ಕಾರ್ಯಕ್ರಮ ತೆರೆದು, ಕಟ್ಟುತ್ತಿರುವಾಗಲೇ ಜನರ ಮಾತು ಕೇಳಲು ಶುರು ಮಾಡಿದರು. ನನ್ನ ಮಟ್ಟಿಗೆ ಈ ಇಡೀ ಪ್ರಕರಣದ ದೊಡ್ಡ ಗಳಿಕೆ ಅದು, ಮೆನುವಿಗಿಂತ ದೊಡ್ಡದು.

ಬೇರೆ ಮನೆಗಳ ಕತೆ

ಇದು ಒಂದೇ ಕಂಪನಿಯ ತಪ್ಪು ಅಂದುಕೊಳ್ಳಬಾರದು. 2011ರ ಏಪ್ರಿಲ್‌ನಲ್ಲಿ ಲಿನಕ್ಸ್ ಜಗತ್ತಿನ ಗ್ನೋಮ್ 3 ಎಂಬ ಡೆಸ್ಕ್‌ಟಾಪ್ ಬಂದಾಗಲೂ ಹೀಗೇ ಆಯಿತು. ಹಳೆಯ ಮೆನು ಹೋಯಿತು, ವಿಂಡೋ ಇಳಿಸುವ ಬಟನ್ ಹೋಯಿತು. ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೊರ್ವಾಲ್ಡ್ಸ್ ಅವರೇ ಬೇಸತ್ತು ಎಕ್ಸ್‌ಎಫ್‌ಸಿಇ ಎಂಬ ಬೇರೆ ಡೆಸ್ಕ್‌ಟಾಪ್‌ಗೆ ಹೋದರು. ಅಲ್ಲಿ ಕೋಡ್ ಎಲ್ಲರ ಕೈಯಲ್ಲಿರುತ್ತದೆ. ಹಾಗಾಗಿ ಬೇಡ ಅನ್ನಿಸಿದವರು ಹಳೆಯ ಗ್ನೋಮ್ ಅನ್ನೇ ಎತ್ತಿಕೊಂಡು ಮಾಟೆ ಎಂಬ ಹೆಸರಿನಲ್ಲಿ ಬೆಳೆಸಿದರು.

ಮತ್ತೆ 2021ರ ಅಕ್ಟೋಬರ್ 5ರಂದು ವಿಂಡೋಸ್ 11 ಬಂದಾಗ ಸ್ಟಾರ್ಟ್ ಬಟನ್ ಮೂಲೆ ಬಿಟ್ಟು ನಡುವಿಗೆ ಬಂತು. ಈ ಸಲ ಗಲಾಟೆ ಅಷ್ಟು ಜೋರಾಗಲಿಲ್ಲ. ಬಟನ್ ಕಣ್ಣಿಗೆ ಕಾಣುತ್ತಿತ್ತು, ಬೇಕಾದವರು ಸೆಟ್ಟಿಂಗ್ಸ್‌ಗೆ ಹೋಗಿ ಎಡಕ್ಕೆ ತಳ್ಳಬಹುದಿತ್ತು. ಸಿಟ್ಟು ಬಂದದ್ದು ಆಯ್ಕೆ ಕೊಡದ ಜಾಗಗಳಲ್ಲಿ. ಟಾಸ್ಕ್‌ಬಾರ್ ಐಕಾನ್‌ಗಳನ್ನು ಒಟ್ಟು ಮಾಡದೆ ಹೆಸರಿನ ಸಮೇತ ತೋರಿಸುವ ಸೌಲಭ್ಯವನ್ನು ತೆಗೆದಿದ್ದರು. ಬಿಡದೆ ಕೇಳಿದ ಮೇಲೆ 2023ರಲ್ಲಿ ಅದು ವಾಪಸ್ ಬಂತು.

ಕ್ಲಾಸಿಕ್ ಶೆಲ್ ಮಾಡಿದ ಡೆವಲಪರ್ 2017ರ ಡಿಸೆಂಬರ್‌ನಲ್ಲಿ ಕೆಲಸ ನಿಲ್ಲಿಸಿ, ಕೋಡನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಸ್ವಯಂಸೇವಕರು ಅದನ್ನು ಓಪನ್-ಶೆಲ್ ಎಂಬ ಹೆಸರಿನಲ್ಲಿ ಮುಂದುವರಿಸಿದರು. 2023ರ ಜನವರಿ 10ರಂದು ವಿಂಡೋಸ್ 8.1ಕ್ಕೆ ಬೆಂಬಲ ಮುಗಿಯಿತು. ಅದರ ಗಾಯಕ್ಕೆ ಮದ್ದಾಗಿ ಹೆಸರು ಮಾಡಿದ ಆ ಪುಟ್ಟ ತಂತ್ರಾಂಶವನ್ನು ಜನ ಆಮೇಲೂ ವಿಂಡೋಸ್ 11ರ ಯಂತ್ರಗಳಿಗೆ ಹಾಕಿಕೊಳ್ಳುತ್ತಲೇ ಇದ್ದರು.